ಡೊರಿವಾಲ್ ನುಂಗಿದ ಮಾತ್ರೆ

ದೋಣಿ ರಿಪೇರಿ ಮಾಡುತ್ತಿದ್ದ ಡೊರಿವಾಲ್ ಬೆಳಿಗ್ಗೆ ತಾನು ಮಲಗಿದ್ದ ಜೋಲಿಯಲ್ಲೇ ಸತ್ತಿದ್ದ. ಕಣ್ಣು ಅರಿಶಿನದಂತೆ ಹಳದಿ. ಅಂಗಿಯ ಮೇಲೆಲ್ಲ ಕಾರಿಕೊಂಡ ರಕ್ತ. ಪಕ್ಕದಲ್ಲಿ ಅರ್ಧ ಕುಡಿದ ತೊಗಟೆ ಕಷಾಯ.

ಇನ್‌ಸ್ಪೆಕ್ಟರ್ ಇವಾನೆಯ್ಡೆ ಬರುವಷ್ಟರಲ್ಲಿ, ಕಷಾಯ ಕೊಟ್ಟ ಜುಲ್ಮೀರಾ ಅಜ್ಜಿಯ ಮನೆಮುಂದೆ ಜನ ಸೀಮೆಎಣ್ಣೆ ಡಬ್ಬ ಹಿಡಿದು ನಿಂತಿದ್ದರು. ಪುರುಸ್ ನದಿದಂಡೆಯ ಆ ಪುಟ್ಟ ಊರಿಗೆ ಊರೇ ಅಲ್ಲಿತ್ತು.

"ಇವಳೇ ಮೇಡಂ! ನನ್ನ ಗಂಡನಿಗೆ ವಿಷ ಹಾಕಿದ್ದು ಇವಳೇ!" ಡೊರಿವಾಲ್‌ನ ಹೆಂಡತಿ ಎಡಿಲೇನೆ ಕಿರುಚುತ್ತಿದ್ದಳು.

"ಸುಮ್ನಿರಿ ಅತ್ತಿಗೆ," ಎಂದು ಅವಳನ್ನು ಹಿಡಿದುಕೊಂಡಿದ್ದವನು ಮೈದುನ ಗೆನಿಲ್ಸನ್. ದೂರದ ಮನಾಸ್ ನಗರಕ್ಕೆ ಹೋಗಿಬರುವ ಲಾಂಚ್ ಓಡಿಸುವವನು.

ಅಜ್ಜಿ ಇವಾನೆಯ್ಡೆಯತ್ತ ತಿರುಗಿ ಕೇಳಿದಳು, "ನಿಮ್ಮಪ್ಪನಿಗೂ ಇದೇ ಕಷಾಯ ಕೊಟ್ಟಿದ್ದೆ ಕಣವ್ವಾ. ಅವ್ರು ಸತ್ರಾ?"

"ಇಲ್ಲ. ಬೈಕೊಂಡು ಕುಡೀತಿದ್ರು. ಗಾಡಿ ಹತ್ತು ಅಜ್ಜಿ. ಇಲ್ಲಿದ್ರೆ ಸುಟ್ಟುಹಾಕ್ತಾರೆ."

*

"ಕಷಾಯದಲ್ಲಿ ವಿಷ ಇಲ್ಲ," ಎಂದರು ಕೆಲವು ದಿನಗಳ ಮೇಲೆ ಊರಿನ ಡಾಕ್ಟರ್ ಲಯೆರ್ಸಿಯೊ. "ಕೊಂದಿದ್ದು ಹೆಪಟೈಟಿಸ್ ಬಿ. ಹುಟ್ಟಿದಾಗಿಂದ ಮೈಯಲ್ಲಿತ್ತು. ಈಗ ಇದ್ದಕ್ಕಿದ್ದ ಹಾಗೆ ಲಿವರ್ ನುಂಗಿಹಾಕಿದೆ."

"ಹಾಗಾದ್ರೆ ಕೇಸೇ ಇಲ್ಲ."

"ಇರಿ. ಅವನು ಲ್ಯಾಮಿವುಡಿನ್ ಮಾತ್ರೆ ತಗೊಳ್ತಿದ್ದ. ವೈರಾಣು ತಗ್ಗಿತ್ತು. ಮಾತ್ರೆಗೂ ಬಗ್ಗದೆ ಮತ್ತೆ ಎದ್ದಿದ್ರೆ ಅದರ ಜೀನ್ ಬದಲಾಗಿರ್ಬೇಕಿತ್ತು. ಮನಾಸ್‌ನಲ್ಲಿ ಪರೀಕ್ಷೆ ಮಾಡಿಸಿದೆ. ಬದಲಾಗಿಲ್ಲ."

"ಅಂದ್ರೆ?"

"ಈಚೆಗೆ ಮಾತ್ರೆ ಅವನ ಹೊಟ್ಟೆಗೆ ಹೋಗ್ತಾನೇ ಇರ್ಲಿಲ್ಲ. ದಿಢೀರಂತ ನಿಂತ್ರೆ ವೈರಾಣು ಹೀಗೇ ಮೇಲೆ ಬೀಳುತ್ತೆ."

*

"ದಿನಾ ಬೆಳಿಗ್ಗೆ ನಾನೇ ಬಾಯಿಗೆ ಹಾಕ್ತಿದ್ದೆ!" ಎಡಿಲೇನೆ ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅವಳ ಕಣ್ಣಲ್ಲಿ ಸುಳ್ಳು ಕಾಣಲಿಲ್ಲ. ಆದರೆ ಇವಾನೆಯ್ಡೆ ಹಿಂದೆ ಕಣ್ಣೀರು ನಂಬಿ ಮೋಸಹೋದವಳು.

"ಮಾತ್ರೆ ತರ್ತಿದ್ದದ್ದು ಯಾರು?"

"ಗೆನಿಲ್ಸನ್. ಅಣ್ಣ ಅಂದ್ರೆ ಪ್ರಾಣ ಅವನಿಗೆ."

ಗೆನಿಲ್ಸನ್ ಸಿಡುಕಿದ. "ಮನಾಸ್ ಆಸ್ಪತ್ರೆಯೋರು ಕೊಟ್ಟ ಡಬ್ಬಿ ಹಾಗೇ ತಂದ್ಕೊಟ್ಟೆ. ಅವರನ್ನ ಕೇಳಿ."

ಮಾತ್ರೆ ಮೂರು ಕಡೆ ಬದಲಾಗಬಹುದಿತ್ತು: ಆಸ್ಪತ್ರೆ, ಲಾಂಚ್, ಅಡುಗೆಮನೆ. ಆ ಮಾತ್ರೆ ಬೇರೆ ಯಾರ ಮೈಗಾದರೂ ಸೇರಿತ್ತೇ ಎಂದು ತಿಳಿಯಲು ಇವಾನೆಯ್ಡೆ ಡಾಕ್ಟರಿಗೆ ಹೇಳಿ ಹೆಂಡತಿ, ಮೈದುನ ಇಬ್ಬರ ರಕ್ತವನ್ನೂ ಮನಾಸ್‌ಗೆ ಕಳಿಸಿದಳು. ಅಜ್ಜಿ ಠಾಣೆಯಲ್ಲೇ ಉಳಿದಳು. ವಿಷವಲ್ಲ ಎಂದರೆ ಊರು ನಂಬುತ್ತಿರಲಿಲ್ಲ.

*

ವರದಿ ಬಂದ ದಿನ ಎಲ್ಲರನ್ನೂ ಠಾಣೆಗೆ ಕರೆಸಿದಳು.

"ಎಡಿಲೇನೆ, ನಿಮಗೆ ಸೋಂಕಿಲ್ಲ. ಗೆನಿಲ್ಸನ್, ನಿನಗಿದೆ."

"ಗೊತ್ತು. ನನ್ನ ವೈರಾಣು ಮಲಗಿದೆ, ಮಾತ್ರೆ ಬೇಡ ಅಂದಿದ್ರು ಡಾಕ್ಟ್ರು."

"ಯಾವತ್ತಾದ್ರೂ ತಗೊಂಡಿದ್ದೀಯಾ?"

"ಇಲ್ಲ."

"ಈ ಊರಲ್ಲಿ ಆ ಮಾತ್ರೆ ಬರ್ತಿದ್ದದ್ದು ನಿನ್ನಣ್ಣನೊಬ್ಬನಿಗೇ. ಅವನ ವೈರಾಣುವಿನಲ್ಲಿ ಮಾತ್ರೆಯ ಗುರುತಿಲ್ಲ. ನಿನ್ನದರಲ್ಲಿದೆ. ಆ ಔಷಧಿ ಜೊತೆ ತಿಂಗಳುಗಟ್ಟಲೆ ಗುದ್ದಾಡಿದ ವೈರಾಣು ತನ್ನ ಜೀನನ್ನ ಹಾಗೆ ತಿದ್ದಿಕೊಳ್ಳುತ್ತೆ. ಅಣ್ಣನ ಮಾತ್ರೆ ನುಂಗಿದ್ದು ನೀನು. ಅವನ ಡಬ್ಬಿಗೆ ಏನು ತುಂಬಿದ್ದೆ?"

ಗೆನಿಲ್ಸನ್ ನೆಲ ನೋಡುತ್ತ ಹೇಳಿದ, "ವಿಟಮಿನ್."

ಎಡಿಲೇನೆ ಈ ಸಲ ಕಿರುಚಲಿಲ್ಲ. "ನಾನೇ... ನನ್ನ ಕೈಯಾರೆ..." ಎಂದು ತನ್ನ ಅಂಗೈ ನೋಡಿಕೊಂಡಳು.

"ಅಪ್ಪ ಇದೇ ರೋಗದಿಂದ ಹೊಟ್ಟೆ ಊದಿಕೊಂಡು ಸತ್ತ, ಅತ್ತಿಗೆ. ನಂಗೂ ಹೊಟ್ಟೆ ಬಿಗೀತಿತ್ತು. ಅಣ್ಣ ಗಟ್ಟಿಮುಟ್ಟಾಗಿದ್ದ. ಅವನಿಗೇನಾಗುತ್ತೆ ಅಂದ್ಕೊಂಡೆ."

ಡಾಕ್ಟರ್ ಕನ್ನಡಕ ತೆಗೆದರು. "ಇವನ ವೈರಾಣುವಿನಲ್ಲಿ ಇನ್ನೊಂದು ಹಳೇ ಬದಲಾವಣೆಯೂ ಇದೆ. ನನ್ನ ಪರೀಕ್ಷೆ ವೈರಾಣುವಿನ ಒಂದು ಪ್ರೋಟೀನ್ ಹುಡುಕುತ್ತೆ. ಅದು ಸಿಗದಿದ್ರೆ ಮಲಗಿದೆ ಅಂತಿದ್ವಿ. ಇವನದು ಆ ಪ್ರೋಟೀನ್ ಮಾಡೋದನ್ನ ಬಿಟ್ಟಿತ್ತು, ಅಷ್ಟೇ. ಒಳಗೆ ಲಿವರ್ ತಿಂತಾನೇ ಇತ್ತು. ಇವನಿಗೂ ಮಾತ್ರೆ ಬೇಕಿತ್ತು."

ಗೆನಿಲ್ಸನ್ ತಲೆ ಎತ್ತಿದ.

"ಈಗ ಆ ಮಾತ್ರೆ ನಿನಗೆ ನಾಟಲ್ಲ. ಬೇರೆ ಇದೆ, ತರಿಸ್ತೀನಿ," ಎಂದರು ಡಾಕ್ಟರ್. "ನನ್ನ ಹತ್ರ ಬಂದು ಕೇಳಬಾರದಿತ್ತೇನೋ?"

"ಕೇಳಿದ್ದೆ ಡಾಕ್ಟ್ರೇ. ಎರಡು ಸಲ."

ಡಾಕ್ಟರ್ ಹೊಸ ಮಾತ್ರೆಯ ಚೀಟಿ ಬರೆಯತೊಡಗಿದರು. ಇವಾನೆಯ್ಡೆ ಗೆನಿಲ್ಸನ್‌ನ ಕೈಗೆ ಕೋಳ ತೊಡಿಸಿದಳು.

ಎಡಿಲೇನೆ ಹೊರಗೆ ಬಂದು, ಬೆಂಚಿನ ಮೇಲೆ ಕೂತಿದ್ದ ಅಜ್ಜಿಯ ಬಟ್ಟೆಗಂಟು ಎತ್ತಿಕೊಂಡಳು. "ನಡೀರಿ, ಮನೆಗೆ ಬಿಡ್ತೀನಿ."

ಊರ ನಡುವಿನ ಬೀದಿಯಲ್ಲೇ, ಎಲ್ಲರೂ ನೋಡುತ್ತಿದ್ದಂತೆ, ಅಜ್ಜಿಯ ಕೈಹಿಡಿದು ನಡೆಸಿಕೊಂಡು ಹೋದಳು.