ಒಗೆಯಬಾರದ ಅಂಗಿ

“ಇದರಲ್ಲಿ ನೀವೇ ಇಲ್ವಲ್ಲ ಮೇಡಂ?”

ಅಂಗಿಯನ್ನು ಮೂಗಿನ ಹತ್ತಿರದಿಂದ ಕೆಳಗಿಳಿಸುತ್ತ ನಾಯಿಗಳ ಕೆನಲ್ಲಿನ ಮಾಲೀಕ ಹೀಗೆ ಕೇಳಿದಾಗ ಅವಳಿಗೆ ಸಿಟ್ಟು ಬಂತು. ಕಿವಿಯೂ ಬಿಸಿಯಾಯಿತು.

“ನಂದೇ ಅಂಗಿ. ನೀವೇ ಅಲ್ವಾ ಫೋನಲ್ಲಿ ಹೇಳಿದ್ದು, ನೀವು ಹಾಕ್ಕೊಳ್ಳೋ ಹಳೇ ಬಟ್ಟೆ ಒಂದು ತನ್ನಿ ಅಂತ? ಬೇರೆ ಯಾರದ್ದೋ ತರೋಕೆ ನಂಗೇನು ಹುಚ್ಚಾ?”

“ಅಂಗಿ ನಿಮ್ದೇ ಇರ್ಬಹುದು. ಒಳಗಿರೋದು ಸೋಪು, ಬಿಸಿನೀರು, ಇಸ್ತ್ರಿಪೆಟ್ಟಿಗೆ. ನಿಮ್ಮ ಸುಳಿವೇ ಇಲ್ಲ.”

“ಎರಡು ಸಲ ಒಗೆದು ತಂದಿದ್ದೀನಿ. ಕೊಳೆ ಬಟ್ಟೆ ಕೈಗೆ ಕೊಡೋಕಾಗುತ್ತಾ ಯಾರಿಗಾದ್ರೂ?”

“ಕೊಡೋದು ನನಗಲ್ಲ, ಇವನಿಗೆ,” ಎಂದು ಅವನು ಅವಳ ಕಾಲ ಬಳಿ ತೋರಿಸಿದ. ಅಷ್ಟರಲ್ಲಿ ‘ಇವನು’ ಅಲ್ಲಿರಲಿಲ್ಲ. ಹಗ್ಗ ಬಿಟ್ಟಷ್ಟು ದೂರ ಹೋಗಿ ಗೇಟು ಮೂಸಿ, ಬಕೆಟ್ ಮೂಸಿ, ತಿರುಗಿ ಬಂದು ಅವಳ ಕಾಲಿಗೆ ಹಗ್ಗ ಸುತ್ತಿ, ಮತ್ತೆ ಹೊರಟಿದ್ದ. ಅವಳ ನಾಯಿ, ಹೆಸರೇ ಗಡಿಬಿಡಿ.

ಹಗ್ಗದ ಸುತ್ತು ಬಿಡಿಸಲು ಮಾಲೀಕ ಮಂಡಿಯೂರಿದ. ಬೆರಳು ಅವಳ ಪಾದಕ್ಕೆ ತಾಗದಂತೆ ಬಿಡಿಸಲು ಅವನು ಪಟ್ಟ ಪಾಡನ್ನು ಅವಳು ಮೇಲಿನಿಂದ ನೋಡಿದಳು. ತಲೆಯೆತ್ತಿದಾಗ ಅವನು ನಗುತ್ತಿರಲಿಲ್ಲ. ನಗು ತಡೆದದ್ದಕ್ಕೆ ಎಡಗೆನ್ನೆಯಲ್ಲಿ ಒಂದು ಗುಳಿ ಮಾತ್ರ ಬಿದ್ದಿತ್ತು.

“ವಾಪಸ್ ತಗೊಂಡು ಹೋಗಿ. ಮೂರು ದಿನ ಹಾಕ್ಕೊಳ್ಳಿ. ಅಡುಗೆ ಮಾಡಿ, ಮಲಗಿ, ಬೆವರಿ. ಆಮೇಲೆ ತನ್ನಿ. ಹೊಸ ಜಾಗಕ್ಕೆ ಬರುವಾಗ ಅವನಿಗೆ ಪರಿಚಯದ ವಾಸನೆ ಜೊತೆಗಿರಬೇಕು.”

ಊರಿನಲ್ಲಿ ನಾಯಿ ಸಾಕಿದವರೆಲ್ಲ ಪರವೂರಿಗೆ ಹೋಗುವವರ ನಾಯಿಗಳನ್ನು ಇರಿಸಿಕೊಳ್ಳುವ ಅವನ ಕೆನಲ್ಲನ್ನು ಹಾಸ್ಟೆಲ್ ಎಂದೂ ಅವನನ್ನು ವಾರ್ಡನ್ ಎಂದೂ ಕರೆಯುತ್ತಿದ್ದರು. ಬಿಟ್ಟು ಹೋಗುವ ನಾಯಿಯನ್ನು ಅವನು ಒಂದೇ ದಿನಕ್ಕೆ ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಮೊದಲು ಒಂದು ಗಂಟೆ, ಆಮೇಲೆ ಅರ್ಧ ದಿನ, ಕೊನೆಗೆ ಒಂದು ರಾತ್ರಿ. ಹೀಗೆ ರೂಢಿ ಮಾಡಿಸಿಯೇ ಇರಿಸಿಕೊಳ್ಳುವುದು ಅವನ ಪದ್ಧತಿ.

ಅವಳ ಕೆಲಸ ಇದಕ್ಕೆ ತದ್ವಿರುದ್ಧ. ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಬಾಟಲಿ ಮುಟ್ಟುವ ಮೊದಲು ಕೈ ತೊಳೆಯಬೇಕು, ಕೈಗವಸು ಹಾಕಬೇಕು, ಬಾಟಲಿಯನ್ನೂ ಕುದಿಸಬೇಕು. ತುಂಬಿದ ನೀರಿನಲ್ಲಿ ತುಂಬಿದವರ ಗುರುತು ಎಳ್ಳಷ್ಟೂ ಇರಬಾರದು. ವರ್ಷಾನುಗಟ್ಟಲೆ ಹೀಗೆ ದುಡಿದವಳಿಗೆ, ಹೋದಲ್ಲೆಲ್ಲ ತನ್ನ ಗುರುತು ಉಳಿಸದೆ ಬರುವುದೇ ಅಭ್ಯಾಸವಾಗಿಬಿಟ್ಟಿತ್ತು. ಬಾಡಿಗೆ ಮನೆಗಳನ್ನು ಬಿಟ್ಟಾಗಲೂ ಗೋಡೆಗೆ ಒಂದು ಮೊಳೆಯ ತೂತು ಬಿಟ್ಟವಳಲ್ಲ.

ಈಗ ಸಮುದ್ರದ ನೀರು ಪರೀಕ್ಷಿಸುವ ಹಡಗಿನಲ್ಲಿ ಮೂರು ತಿಂಗಳ ಕೆಲಸ ಸಿಕ್ಕಿತ್ತು. ಬಹಳ ದಿನದಿಂದ ಆಸೆಪಟ್ಟಿದ್ದ ಕೆಲಸ. ಆದರೆ ಗಡಿಬಿಡಿ? ಅಕ್ಕನ ಮನೆಯಲ್ಲಿ ಬಿಡೋಣವೆಂದರೆ ನಾಯಿ ಬಾಗಿಲಿಗೆ ಬಂದರೆ ಸಾಕು, ಭಾವನಿಗೆ ಸೀನು ಶುರು. ಅದೂ ಅಲ್ಲದೆ ಗಡಿಬಿಡಿ ಅವಳಿಗೆ ಸಿಕ್ಕಿದ್ದೇ ಬಸ್ ನಿಲ್ದಾಣದ ಕಂಬಕ್ಕೆ ಕಟ್ಟಿದ ಸ್ಥಿತಿಯಲ್ಲಿ. ಕಟ್ಟಿದವರು ತಿರುಗಿ ಬರಲಿಲ್ಲ. ಒಂದು ಸಲ ಅನಾಥವಾದ ಜೀವ, ಇನ್ನೊಮ್ಮೆ ತನ್ನನ್ನು ಬಿಟ್ಟು ಹೋದರು ಎಂದುಕೊಂಡರೆ? ಅದನ್ನು ನೆನೆದಾಗಲೆಲ್ಲ ಅವಳು ಕೂತಲ್ಲಿಂದ ಎದ್ದುಬಿಡುತ್ತಿದ್ದಳು. ಅವಳು ಎದ್ದರೆ ನಾಯಿಯೂ ಏಳುತ್ತಿತ್ತು. ಇಬ್ಬರೂ ಅಡುಗೆಮನೆಗೂ ಬಾಗಿಲಿಗೂ ಸುಮ್ಮನೆ ಓಡಾಡುತ್ತಿದ್ದರು.

*

ಮೂರು ದಿನ ಹಾಕಿಕೊಂಡ ಅಂಗಿಯನ್ನು ಪೊಟ್ಟಣ ಕಟ್ಟಿಕೊಂಡು ಹೋದಾಗ ಕೆನಲ್ಲಿನ ಅಡುಗೆಮನೆಯಲ್ಲಿ ವಾರ್ಡನ್ನನ ಚಿಕ್ಕಮ್ಮ ದೊಡ್ಡ ಪಾತ್ರೆಯಲ್ಲಿ ನಾಯಿಗಳ ಊಟ ಕಲಸುತ್ತಿದ್ದರು.

“ಬಂದ್ಯಾಮ್ಮಾ? ಇವತ್ತು ಒಗೆದಿಲ್ಲ ತಾನೇ? ಅವತ್ತಿಂದ ಇವನು ಅದನ್ನೇ ಹೇಳ್ಕೊಂಡು ನಗ್ತಾ ಇದ್ದಾನೆ. ನಾಯಿಗಳಿಗೂ ಕೇಳಿ ಕೇಳಿ ಸಾಕಾಗಿದೆ.”

“ಚಿಕ್ಕಮ್ಮ!” ಎಂದ ವಾರ್ಡನ್.

“ಏನೋ ಚಿಕ್ಕಮ್ಮ? ಇದ್ದದ್ದು ಹೇಳಿದ್ರೆ ತಪ್ಪಾ?”

ಅವನು ಪೊಟ್ಟಣ ಬಿಚ್ಚಿದ. ಈ ಸಲ ಮೂಗಿನ ಹತ್ತಿರ ಒಯ್ಯಲು ಹೋಗಿ, ಅವಳು ನೋಡುತ್ತಿರುವುದು ಕಂಡು, ಕೈಯನ್ನು ಅರ್ಧಕ್ಕೇ ನಿಲ್ಲಿಸಿದ.

“ಪರೀಕ್ಷೆ ಮಾಡಲ್ವಾ ವಾರ್ಡನ್ ಸಾಹೇಬ್ರೇ?”

“ನಂಬಿಕೆ ಇದೆ,” ಎಂದು ಅಂಗಿಯನ್ನು ಗಡಿಬಿಡಿಯ ಹಾಸಿಗೆಯ ಮೇಲಿಟ್ಟ. ಆಮೇಲೆ ಗೂಟದಿಂದ ತನ್ನ ಹಳೆಯ ಬೂದು ಸ್ವೆಟರ್ ತೆಗೆದು ಅವಳ ಕೈಗಿತ್ತ. “ಇದು ನಿಮ್ಮ ಮನೆಗೆ. ಅವನು ಮಲಗೋ ಕಡೆ ಹಾಸಿ. ಅಲ್ಲಿ ಇಲ್ಲಿಯ ವಾಸನೆ, ಇಲ್ಲಿ ಅಲ್ಲಿಯ ವಾಸನೆ. ಎರಡೂ ಕಡೆ ಎರಡೂ ಇದ್ರೆ ಯಾವುದೂ ಪರಸ್ಥಳ ಅನ್ನಿಸಲ್ಲ.”

“ಇದನ್ನೂ ಒಗೀಬಾರ್ದಾ?”

“ಒಗೆದ್ರೆ ನಾನಿರಲ್ಲ,” ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. “ಅಂದ್ರೆ, ಕೆನಲ್ ವಾಸನೆ ಇರಲ್ಲ ಅಂತ.”

ಮೊದಲ ದಿನದ ಪಾಠ ಒಂದು ಗಂಟೆಯದು. ಮುದ್ದು ಮಾಡಬಾರದು, ತಬ್ಬಬಾರದು, ‘ಹೋಗ್ಲಾ ಕಂದಾ’ ಎಂದು ಗೋಗರೆಯಬಾರದು. ಹಗ್ಗ ಕೊಟ್ಟು, ತಿರುಗಿ ನೋಡದೆ ಹೊರಡಬೇಕು. “ನೀವು ತಿರುಗಿ ನೋಡಿದ್ರೆ, ಏನೋ ಎಡವಟ್ಟಾಗಿದೆ ಅಂದ್ಕೊಳ್ತಾನೆ.”

ಅವಳು ತಿರುಗಿ ನೋಡದೆ ಹೊರಟಳು. ಬೆನ್ನ ಹಿಂದೆ ಬೊಗಳು ಎದ್ದಿತು. ಗೇಟು ಗಡಗಡ ಅಲುಗಿತು. ಅವಳ ಕಾಲು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ನಿಂತುಬಿಟ್ಟಳು. ಪಕ್ಕದ ಸಣ್ಣ ಬಾಗಿಲಿನಿಂದ ವಾರ್ಡನ್ ಬಂದು ಅವಳ ಪಕ್ಕ ನಿಂತ.

“ಇಲ್ಲೇ ನಿಂತಿರ್ತೀರಾ ಅಂತ ಗೊತ್ತಿತ್ತು. ಎಲ್ರೂ ಇದೇ ಮೂಲೇಲಿ ನಿಲ್ತಾರೆ. ಕೇಳ್ತಾ ಇರಿ.”

ಇಬ್ಬರೂ ಗೋಡೆಗೆ ಒರಗಿ ಕೇಳಿದರು. ಬೊಗಳು ಊಳಾಯಿತು, ಊಳು ಕುಂಯ್‌ಗುಟ್ಟುವಿಕೆಯಾಯಿತು. ಆಮೇಲೆ ಏನೂ ಇಲ್ಲ.

“ನೋಡಿದ್ರಾ? ನಿಮ್ಮ ಅಂಗಿ ಮೇಲೆ ಮಲಗಿದ್ದಾನೆ.”

ಅವಳಿಗೆ ಕಣ್ಣು ತುಂಬಿತು. ಅದನ್ನು ಮರೆಸಲು ಬೇರೆ ಮಾತು ತೆಗೆದಳು. “ಒಳಗೆ ಬಿಸಿಲಲ್ಲಿ ಮಲಗಿದ್ದ ಆ ಇಬ್ಬರು ಮುದುಕರು ಯಾರ ನಾಯಿಗಳು?”

“ನಂದೇ, ಈಗ. ಒಂದು ವಾರಕ್ಕೆ ಅಂತ ಬಂದವು. ಬಿಟ್ಟವರು ಬರ್ತೀವಿ ಅಂತ ಹೇಳಿ ಹೋದ್ರು.” ಅವನು ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆದ. “ಅದಕ್ಕೇ ಬರ್ತೀನಿ ಅಂದವರ ಮಾತನ್ನ ನಾನು ಜಾಸ್ತಿ ಹಚ್ಚಿಕೊಳ್ಳಲ್ಲ. ನಾಯಿ ಕಲಿಯುತ್ತೆ. ನಾವೂ ಕಲೀಬೇಕು.”

ಆ ಮಾತು ಗಡಿಬಿಡಿಯ ಬಗ್ಗೆ ಅಲ್ಲವೇನೋ ಎಂದು ಅವಳಿಗೆ ಅನ್ನಿಸಿತು. ಮನೆ ತಲುಪಿದ ಮೇಲೂ ಆ ಅನಿಸಿಕೆ ಹೋಗಲಿಲ್ಲ.

*

ಸ್ವೆಟರ್ ಗಡಿಬಿಡಿಯ ಹಾಸಿಗೆಯ ಮೇಲಿತ್ತು. ಪೆಟ್ಟಿಗೆ ತುಂಬುತ್ತ ಅವಳು ಅದರ ಹತ್ತಿರವೇ ಕೂರುತ್ತಿದ್ದಳು. ವೃತ್ತಿಯ ಚಾಳಿಯಿಂದ, ಅದರಲ್ಲಿ ಏನೇನಿದೆ ಎಂದು ಬಿಡಿಸಲು ನೋಡಿದಳು. ಒಣಹುಲ್ಲು. ಫಿನಾಯಿಲ್. ಒದ್ದೆ ನಾಯಿ. ಶುಂಠಿ ಹಾಕಿದ ಚಹಾ. ಇವೆಲ್ಲ ಕಳೆದ ಮೇಲೂ ಒಂದು ಉಳಿಯುತ್ತಿತ್ತು. ಅದಕ್ಕೆ ಹೆಸರು ಸಿಗಲಿಲ್ಲ. ಸಿಗಲಿಲ್ಲವೆಂದೇ ಮತ್ತೆ ಮತ್ತೆ ನೋಡಿದಳು. ಗಡಿಬಿಡಿ ಮೂತಿ ತೂರಿಸಿ, ‘ಇದು ನನ್ನದು’ ಎನ್ನುವಂತೆ ಸ್ವೆಟರನ್ನು ತನ್ನ ಕಡೆ ಎಳೆದುಕೊಂಡ.

“ಸ್ವಲ್ಪ ಹಂಚ್ಕೊಳ್ಳೋ,” ಎಂದಳು ಅವಳು. ಹೇಳಿದ ಮೇಲೆ, ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ, ನಾಚಿಕೆಯಾಯಿತು.

ಅರ್ಧ ದಿನದ ಪಾಠಗಳು ನಡೆದವು. ನಾಯಿ ಕಲಿಯುತ್ತಿತ್ತು: ಅವಳು ಹೋಗುತ್ತಾಳೆ, ಅವಳು ಬರುತ್ತಾಳೆ. ಅವಳೇ ಬೇರೆ ಏನನ್ನೋ ಕಲಿಯುತ್ತಿದ್ದಳು. ಕರೆದೊಯ್ಯಲು ಬೇಗ ಬರುವುದು, ಬಂದ ಮೇಲೆ ತಡವಾಗಿ ಹೊರಡುವುದು. ಬಕೆಟ್ ಎತ್ತುವಾಗ ಅವನ ಮಣಿಕಟ್ಟಿನ ನರ ಉಬ್ಬುವುದು. ಪ್ರತಿ ನಾಯಿಗೂ ಅವನ ದನಿ ಬೇರೆಯಾಗುವುದು. ತನ್ನೊಡನೆ ಮಾತಾಡುವಾಗಲೂ ಒಂದು ಬೇರೆಯೇ ದನಿ ಇರುವುದು. ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು ಎಂದುಕೊಂಡು ಹೋಗುತ್ತಿದ್ದಳು. ಹುಳುವಿನ ಮಾತ್ರೆ, ಊಟದ ಅಳತೆ ಮಾತಾಡಿ ಬರುತ್ತಿದ್ದಳು. ಮೂರು ತಿಂಗಳು ಕಾಣದೂರಿಗೆ ಹೋಗುವವಳು ಏನು ಹೇಳಬೇಕು? ಕಾಯಿರಿ ಎನ್ನಬೇಕೆ? ಯಾರನ್ನೂ ಕಾಯಿಸಿ ಅವಳಿಗೆ ಅಭ್ಯಾಸವಿರಲಿಲ್ಲ.

*

ಕೊನೆಯ ಪಾಠ ಒಂದು ಇಡೀ ರಾತ್ರಿಯದು. ಬೆಳಿಗ್ಗೆ ಅವಳು ಬಂದಾಗ ಗಡಿಬಿಡಿ ಗೇಟಿಗೆ ಆತು ನಿಂತಿದ್ದ. ಗಂಟಲು ಕಟ್ಟಿ ಬೊಗಳು ಹೊರಡುತ್ತಿರಲಿಲ್ಲ. ಗೇಟಿನ ಮುಂದಿನ ಮಣ್ಣಿನಲ್ಲಿ ಅವನು ಇಡೀ ರಾತ್ರಿ ಓಡಾಡಿದ ದಾರಿ ಗೆರೆ ಕೊರೆದಂತಿತ್ತು.

ಹಡಗು ಹೊರಡಲು ಉಳಿದಿದ್ದು ಎರಡೇ ದಿನ.

“ಊಟ ಮುಟ್ಟಿಲ್ಲ ಕಣಮ್ಮ,” ಎಂದರು ಚಿಕ್ಕಮ್ಮ. “ನಿನ್ನೆವರೆಗೂ ಚೆನ್ನಾಗಿದ್ದ.”

ಅವಳು ನೇರವಾಗಿ ಹಾಸಿಗೆಯ ಹತ್ತಿರ ಹೋದಳು. ಏನಾದರೂ ಕೆಟ್ಟರೆ, ನಿನ್ನೆಗೂ ಇವತ್ತಿಗೂ ಬದಲಾದದ್ದು ಏನು ಎಂದು ನೋಡುವುದು ಅವಳ ಕ್ರಮ. ಅಂಗಿ ಅಲ್ಲೇ ಇತ್ತು. ಮಡಿಸಿತ್ತು. ಎತ್ತಿ ಮೂಗಿಗೆ ಹಿಡಿದಳು.

“ಇದರಲ್ಲಿ ನಾನೇ ಇಲ್ವಲ್ಲ?”

ವಾರ್ಡನ್ ಬಕೆಟ್ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. “ಅದು... ಅವನು ಅದರ ಮೇಲೆ ವಾಂತಿ...”

“ಸುಳ್ಳು,” ಎಂದರು ಚಿಕ್ಕಮ್ಮ ಪಾತ್ರೆಯಿಂದ ತಲೆಯೆತ್ತದೆ.

“ನೀವೇ ಒಗೆದ್ರಾ?” ಅವಳು ಅಂಗಿಯನ್ನು ಅವನ ಮುಂದೆ ಹಿಡಿದಳು. “ಒಗೀಬೇಡಿ ಅಂತ ನನಗೆ ಪಾಠ ಹೇಳಿ, ನೀವೇ? ಈ ಮುಗ್ಧನಿಗೆ ಇದ್ದದ್ದೇ ಅದೊಂದು. ನಾನೂ ಕಂಬಕ್ಕೆ ಕಟ್ಟಿ ಹೋದೆ ಅಂದ್ಕೊಂಡಿದ್ದಾನೆ ಅವನು! ಯಾಕೆ ಮಾಡಿದ್ರಿ?”

ಚಿಕ್ಕಮ್ಮ ಪಾತ್ರೆ ಎತ್ತಿಕೊಂಡು, “ಮುದುಕರಿಗೆ ಊಟ ಹಾಕ್ಬೇಕು,” ಎಂದು, ಹಾಕಿ ಮುಗಿಸಿದ್ದ ಊಟವನ್ನೇ ಮತ್ತೆ ಹಾಕಲು ಹೊರಗೆ ಹೋದರು.

“ಹೇಳಿ.”

“ಸಂಜೆ ಹಾಸಿಗೆ ಕೊಡವೋಕೆ ಅಂತ ಅಂಗಿ ಎತ್ತಿಕೊಂಡೆ,” ಎಂದ ಅವನು ನೆಲ ನೋಡುತ್ತ. “ದಿನಾ ಎತ್ತಿಕೊಳ್ತೀನಿ. ದಿನಾ ಕೂಡ್ಲೇ ಇಡಬೇಕು ಅಂದ್ಕೊಳ್ತೀನಿ. ನಿನ್ನೆ ಎಷ್ಟು ಹೊತ್ತು ಹಿಡ್ಕೊಂಡು ಕೂತಿದ್ನೋ ಗೊತ್ತಿಲ್ಲ. ಗಡಿಬಿಡಿ ಮುಂದೆ ನಿಂತು, ಕೊಡು ಅಂತ ಬೊಗಳ್ತಾ ಇದ್ದ. ಅವನ ಹಕ್ಕಿನದನ್ನ ನಾನು ಕದ್ದುಕೊಂಡ ಹಾಗಾಯ್ತು. ಭಯ ಆಯ್ತು. ನೀವು ನಾಡಿದ್ದು ಹೊರಡೋರು. ಇದೊಂದು ಇಲ್ಲದೇ ಇದ್ರೆ ಮರೀಬಹುದು ಅಂತ, ಯೋಚನೆನೂ ಮಾಡದೆ ನೀರಿಗೆ ಹಾಕ್ಬಿಟ್ಟೆ. ಅವನು ಗೇಟಿಗೆ ಹೋಗಿ ನಿಂತ ಮೇಲೆ ಬುದ್ಧಿ ಬಂತು. ರಾತ್ರಿಯೆಲ್ಲ ಅವನ ಜೊತೆ ನಾನೂ ಓಡಾಡಿದ್ದೀನಿ. ನೋಡಿ ಬೇಕಾದ್ರೆ.”

ಅವಳು ನೋಡಿದಳು. ಮಣ್ಣಿನಲ್ಲಿ ನಾಯಿಯ ಹೆಜ್ಜೆಗಳ ಪಕ್ಕದಲ್ಲೇ, ಅಷ್ಟೇ ಉದ್ದಕ್ಕೂ, ಚಪ್ಪಲಿಯ ಗುರುತು ಇತ್ತು.

ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

“ಮರೆಯೋಕಾಯ್ತಾ?”

“ಇಲ್ಲ.”

“ಸೋಪು ಯಾವುದು ಹಾಕಿದ್ರಿ?”

ಅವನು ತಲೆಯೆತ್ತಿ ಪೆಚ್ಚಾಗಿ ನೋಡಿದ. “ನಾಯಿ ಸೋಪು.”

ಅವಳಿಗೆ ತಡೆಯಲಾಗದ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡು, ಕುತ್ತಿಗೆಯಲ್ಲಿದ್ದ ಸ್ಕಾರ್ಫ್ ಮುಟ್ಟಿ ತೋರಿಸಿದಳು. “ಇದನ್ನ ಎರಡು ದಿನ ಬಿಚ್ಚಲ್ಲ. ನಾಡಿದ್ದು ಇವನಿಗೆ ಇದೇ. ನೀವು ಮುಟ್ಟೋ ಹಾಗಿಲ್ಲ.”

“ಮುಟ್ಟಲ್ಲ.”

“ದಿನಾ ಸ್ವಲ್ಪ ಹೊತ್ತು ಮುಟ್ಟಬಹುದು. ಅವನನ್ನ ಕೇಳಿ.”

ಎಡಗೆನ್ನೆಯ ಗುಳಿ ಮೆಲ್ಲಗೆ ಕಾಣಿಸಿಕೊಂಡಿತು. ಈ ಸಲ ಅವನು ನಗುವನ್ನು ತಡೆಯಲಿಲ್ಲ.

*

ಹೊರಡುವ ದಿನ ಅವಳು ಸ್ಕಾರ್ಫನ್ನು ಹಾಸಿಗೆಯ ಮೇಲಿಟ್ಟಳು. ಗಡಿಬಿಡಿ ಅದರ ಮೇಲೆ ಮೂರು ಸುತ್ತು ಸುತ್ತಿ, ಒಂದು ಉಸಿರು ಬಿಟ್ಟು, ಮಲಗಿದ.

“ಸ್ವೆಟರ್ ತಂದಿಲ್ವಾ?” ಎಂದ ವಾರ್ಡನ್.

“ಕೊಡಲ್ಲ. ಹೊಸ ಜಾಗಕ್ಕೆ ಹೋಗುವಾಗ ಪರಿಚಯದ ವಾಸನೆ ಜೊತೆಗಿರಬೇಕು ಅಂದಿದ್ದು ನೀವೇ. ಹಡಗು ನನಗೆ ಹೊಸ ಜಾಗ.”

“ಮತ್ತೆ ಯಾವಾಗ...” ಎಂದು ಶುರುಮಾಡಿ ಅವನು ನಿಲ್ಲಿಸಿದ. ಅವಳಿಗೆ ಅರ್ಥವಾಯಿತು. ಬಿಸಿಲಲ್ಲಿ ಮಲಗಿದ್ದ ಎರಡು ಮುದಿ ನಾಯಿಗಳ ಕಡೆ ನೋಡಿ ಹೇಳಿದಳು:

“ಬರ್ತೀನಿ ಅಂತ ನಾನು ಹೇಳಲ್ಲ. ಆ ಮಾತು ನಿಮಗೆ ಹಿಡಿಸಲ್ಲ. ಒಂದು ಗಂಟೆ ಅಂದಾಗ ಬಂದೆ, ಅರ್ಧ ದಿನ ಅಂದಾಗ ಬಂದೆ, ಒಂದು ರಾತ್ರಿ ಅಂದಾಗಲೂ ಬಂದೆ. ಅವನು ಅಷ್ಟರಲ್ಲೇ ನಂಬಿದ್ದಾನೆ. ನೀವೂ ನೋಡಿದ್ದೀರಲ್ಲ?”

“ನೋಡಿದ್ದೀನಿ,” ಎಂದ ಅವನು. ಹಾಸಿಗೆಯ ಮೇಲಿನ ಗಡಿಬಿಡಿಯ ಕಡೆ ನೋಡಿ, “ನಂಬಿದ್ದೀನಿ,” ಎಂದ.

ಅವಳು ಅವನ ಕೈ ಹಿಡಿದಳು. ಫಿನಾಯಿಲ್, ಒಣಹುಲ್ಲು, ಮತ್ತೆ ಆ ಹೆಸರು ಸಿಗದ ಇನ್ನೊಂದು. ಮುದ್ದು ಮಾಡಬಾರದು, ತಬ್ಬಬಾರದು ಎಂಬ ನಿಯಮ ನಾಯಿಗೆ ಮಾತ್ರವೋ ಹೇಗೋ, ಕೇಳಲು ಅವಳಿಗೆ ಪುರಸೊತ್ತಾಗಲಿಲ್ಲ. ಅವನ ಭುಜಕ್ಕೆ ಒಂದು ಕ್ಷಣ ಹಣೆಯಿಟ್ಟು, ಪೆಟ್ಟಿಗೆ ಎತ್ತಿಕೊಂಡು, ತಿರುಗಿ ನೋಡದೆ ಗೇಟು ದಾಟಿದಳು.

ಗೋಡೆಯ ಮೂಲೆಯಲ್ಲಿ ಕಾಲು ತಾನಾಗಿ ನಿಂತಿತು. ಕಿವಿಗೊಟ್ಟಳು. ಬೊಗಳಿಲ್ಲ. ಊಳಿಲ್ಲ. ಗಡಿಬಿಡಿ ಕಲಿತಿದ್ದ.

ಆದರೆ ಗೇಟು ಗಡಗಡ ಅಲುಗಿತು. ನಿಂತಿತು. ಮಣ್ಣಿನಲ್ಲಿ ಚಪ್ಪಲಿ ಅತ್ತ ಹೋದ ಸದ್ದು, ಇತ್ತ ಬಂದ ಸದ್ದು. ಮತ್ತೆ ಗೇಟು ಅಲುಗಿತು.

“ಏನೋ ಇದು?” ಚಿಕ್ಕಮ್ಮನ ದನಿ ಗೋಡೆ ದಾಟಿ ಬಂತು. “ನಾಯಿ ಗೊರಕೆ ಹೊಡೀತಾ ಇದೆ. ನೀನ್ಯಾಕೋ ಗೇಟು ಕಾಯ್ತಾ ಇದ್ದೀಯಾ? ಬಾ, ಊಟ ಹಾಕ್ತೀನಿ.”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಪೆಟ್ಟಿಗೆ ಬಿಚ್ಚಿ, ಸುಡುವ ಬಿಸಿಲಿನಲ್ಲೇ ಆ ಬೂದು ಸ್ವೆಟರನ್ನು ತೊಟ್ಟುಕೊಂಡು, ಬಸ್ಸಿನ ಕಡೆ ನಡೆದಳು.