ಏಳನೇ ಹಾಡು ಯಾರದ್ದು?

"ನಿಲ್ಸಿ!"

ಹೆಡ್‌ಫೋನಿನೊಳಗೆ ಕೇಳಿದ ಆ ಒಂದು ಮಾತಿಗೆ ಅವಳ ಹಾಡು ಅರ್ಧಕ್ಕೇ ತುಂಡಾಯಿತು. ಗಾಜಿನ ಆಚೆ, ಧ್ವನಿಮುದ್ರಣ ಯಂತ್ರದ ಗುಂಡಿಗಳ ಸಾಲಿನ ಹಿಂದೆ ಕುಳಿತಿದ್ದ ಮನುಷ್ಯ ತಲೆ ಎತ್ತಿ ಕೂಡ ನೋಡಲಿಲ್ಲ.

ಬೆಳಿಗ್ಗೆಯಿಂದ ಇದು ಹನ್ನೊಂದನೇ ಸಲ!

"ಏನಾಯ್ತು ಸರ್? ಶ್ರುತಿ ತಪ್ಪಿತಾ?"

"ಇಲ್ಲ. ಶ್ರುತಿ ಸರಿಯಾಗಿದೆ."

"ಮತ್ತೆ ತಾಳ?"

"ಅದೂ ಸರಿಯಾಗಿದೆ. ಆದ್ರೆ ನೀವು ಯಾರಿಗೋ ಕಾಯ್ತಿದ್ದೀರಾ."

"ನಾನಾ? ಯಾರಿಗೆ?"

"ಅದು ನಿಮಗೇ ಗೊತ್ತು. ಪ್ರತಿ ಸಾಲಿನ ಕೊನೇಲಿ ಸ್ವಲ್ಪ ಜಾಗ ಬಿಡ್ತೀರಾ... ಯಾರೋ ಬಂದು ಮುಗಿಸ್ತಾರೆ ಅನ್ನೋ ಹಾಗೆ."

ಅವಳ ಮುಖ ಕೆಂಪೇರಿತು. ಕಳ್ಳತನ ಮಾಡುವಾಗ ಸಿಕ್ಕಿಬಿದ್ದಂತಾಯಿತು.

ಆತ ಹೇಳಿದ್ದು ನಿಜವೇ ಆಗಿತ್ತು. ಆರು ವರ್ಷ ಅವಳು ನಾಲ್ವರು ಹುಡುಗಿಯರ ತಂಡದಲ್ಲಿ ಹಾಡಿದವಳು. ನಾಲ್ವರಲ್ಲಿ ಕಿರಿಯವಳು, ಗಾತ್ರದಲ್ಲೂ ಚಿಕ್ಕವಳು. ಅಭಿಮಾನಿಗಳು ಅವಳಿಗಿಟ್ಟ ಹೆಸರು 'ಗುಬ್ಬಿ'. ಒಬ್ಬಳು ಎತ್ತಿದ ಸಾಲನ್ನು ಇನ್ನೊಬ್ಬಳು ಮುಗಿಸುವುದು ಆ ತಂಡದ ರೂಢಿ. ಈಗ ಒಬ್ಬಳು ಮದುವೆಯಾದಳು, ಒಬ್ಬಳು ನಟಿಯಾದಳು, ಇನ್ನೊಬ್ಬಳು ಸಾಕಪ್ಪಾ ಸಾಕು ಎಂದು ಬ್ಯಾಂಕ್ ಪರೀಕ್ಷೆ ಬರೆದಳು. ಉಳಿದವಳು ಗುಬ್ಬಿ ಒಬ್ಬಳೇ. ತಂಡದ ಹಾಡುಗಳನ್ನು ಹೊರತರುತ್ತಿದ್ದ ಕಂಪನಿ ಅವಳ ಕೈಗೆ ಒಂಬತ್ತು ಹಾಡುಗಳ ಆಲ್ಬಮ್ ಕೊಟ್ಟು, ಅದಕ್ಕೆ 'ನಾನೇ' ಎಂದು ಹೆಸರಿಟ್ಟಿತು.

ಹೆಸರೇನೋ 'ನಾನೇ'. ಆದರೆ ಹಾಡುವವಳಿಗೇ ತಾನು ಯಾರೆಂದು ಗೊತ್ತಿರಲಿಲ್ಲ!

ಗಾಜಿನ ಆಚೆಯವನು ಈಗ ತಲೆ ಎತ್ತಿದ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಧ್ವನಿಮುದ್ರಣದಲ್ಲಿ ಮಾತ್ರ ಅವನ ಕಿವಿಗೆ ಸಾಟಿ ಇರಲಿಲ್ಲ.

"ಬೇರೆ ಯಾರೂ ಬರಲ್ಲ ಮೇಡಂ," ಎಂದ ಮೆಲ್ಲಗೆ. "ಪೂರ್ತಿ ಸಾಲು ನಿಮ್ದೇ. ಇನ್ನೊಂದ್ಸಲ ನೋಡೋಣ."

ಎಷ್ಟು ಸೊಕ್ಕು ಇವನಿಗೆ! ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಆದರೆ ಹನ್ನೆರಡನೇ ಸಲ ಹಾಡು ಕೊನೆ ಮುಟ್ಟಿತು. ಅವನು ಹೆಬ್ಬೆರಳು ಎತ್ತಿ ತೋರಿಸಿದಾಗ, ಇಷ್ಟು ವರ್ಷದ ಚಪ್ಪಾಳೆ ಕೊಡದಿದ್ದ ಸಂತೋಷ ಆ ಒಂದು ಹೆಬ್ಬೆರಳು ಕೊಟ್ಟಿತು.

ಮೂರು ತಿಂಗಳು ಹೀಗೇ ಕಳೆಯಿತು. ಬೈಗುಳ ಹರಟೆಯಾಯಿತು, ಹರಟೆ ಸಲಿಗೆಯಾಯಿತು. ಅವನು ತನ್ನ ಫ್ಲಾಸ್ಕಿನ ಬಿಸಿನೀರನ್ನು ಅವಳ ಲೋಟಕ್ಕೂ ಸುರಿಯತೊಡಗಿದ. ಅವನ ಹತ್ತು ಮಾತುಗಳಲ್ಲಿ ಎಂಟು ಅವಳ ಪಾಲಿಗೇ ಬರುತ್ತಿದ್ದವು.

ಒಂದು ಮಧ್ಯಾಹ್ನ ಮೈಕಿನ ತಂತಿ ಸರಿಪಡಿಸುತ್ತಾ ಅವನು ಏನನ್ನೋ ಗುನುಗುತ್ತಿದ್ದ.

"ಇದ್ಯಾವ ಹಾಡು?"

ಅವನು ತಟ್ಟನೆ ನಿಲ್ಲಿಸಿದ. "ಹಾಡಲ್ಲ... ಅಮ್ಮನ ರಾಗ."

ಆಮೇಲೆ ಬಿಡಿಸಿ ಬಿಡಿಸಿ ಹೇಳಿದ. ಅವನ ಅಮ್ಮ ಶಾಲಾ ಸಮವಸ್ತ್ರ ಹೊಲಿಯುವವರು. ಹೊಲಿಗೆ ಯಂತ್ರದ ಸದ್ದಿಗೆ ಸರಿಯಾಗಿ ಗುನುಗುತ್ತಿದ್ದರಂತೆ. ದಾರ ತುಂಡಾದರೆ ರಾಗವೂ ತುಂಡು. ಯಂತ್ರದ ಕಾಲಬುಡದಲ್ಲಿ ಬಟ್ಟೆಚೂರುಗಳ ಮೇಲೆ ಮಲಗುತ್ತಿದ್ದ ಮಗನಿಗೆ ರಾಗ ನಿಂತರೆ ಎಚ್ಚರವಾಗುತ್ತಿತ್ತಂತೆ.

"ಇದಕ್ಕೆ ಮಾತು ಬರ್ದಿದ್ದೀರಾ?"

"ಬರ್ದಿದ್ದೀನಿ... ಯಾರಿಗೂ ತೋರ್ಸಿಲ್ಲ."

"ನಾನು ಹಾಡ್ಲಾ?"

ಎರಡು ದಿನ ಅವನು ಉತ್ತರ ಕೊಡಲಿಲ್ಲ. ಮೂರನೇ ದಿನ ನಾಲ್ಕಾಗಿ ಮಡಿಸಿದ ಕಾಗದವನ್ನು ಅವಳ ಮುಂದಿಟ್ಟ.

*ನೀ ಹೊಲಿದ ಅಂಗಿ ಈಗ ಚಿಕ್ಕದು,*
*ಬಿಚ್ಚಿಡಲು ಮಾತ್ರ ಮನಸಿಲ್ಲ...*

ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಗಾಜಿನ ಆಚೆ ಅವನು ಮುಖ ತಿರುಗಿಸಿ ಕುಳಿತಿದ್ದ. ಅವನ ಭುಜ ಅಲುಗುತ್ತಿತ್ತು. ಅಯ್ಯೋ, ಎದ್ದುಹೋಗಿ ಆ ಭುಜದ ಮೇಲೆ ಕೈ ಇಡಬೇಕು... ಎಂದು ಮನಸ್ಸು ಎಳೆದಾಗ ಗುಬ್ಬಿಗೆ ತಿಳಿಯಿತು. ತಾನು ಇವನಿಗೆ ಸೋತಿದ್ದೇನೆ!

ಆ ಹಾಡು ಆಲ್ಬಮ್ಮಿನಲ್ಲಿ ಏಳನೆಯದಾಯಿತು.

ಬಿಡುಗಡೆಗೆ ನಾಲ್ಕು ದಿನವಿದ್ದಾಗ ಕಂಪನಿಯ ಮ್ಯಾನೇಜರ್ ಅವಳನ್ನು ಪಕ್ಕಕ್ಕೆ ಕರೆದ.

"ನೋಡಮ್ಮ, ಒಬ್ಬಳೇ ಆಲ್ಬಮ್ ಮಾಡಿದ್ಮೇಲೆ ಒಂದು ಹಾಡಾದ್ರೂ ನೀನೇ ಬರೆದದ್ದು ಇರ್ಬೇಕು. ಇಲ್ದಿದ್ರೆ ದನಿ ಇದೆ, ತಲೆ ಇಲ್ಲ ಅಂತ ಆಡ್ಕೋತಾರೆ. ಏಳನೇದಕ್ಕೆ ನಿನ್ನ ಹೆಸರು ಹಾಕ್ಸಿದ್ದೀನಿ."

"ಅಯ್ಯೋ! ಅದು ಅವರದ್ದು..."

"ಮೌನಿ ಹತ್ರ ಮಾತಾಡಿದ್ದೀನಿ. ನನ್ನ ಹೆಸರು ಬೇಡವೇ ಬೇಡ ಅಂತ ಅವನೇ ಅಂದ."

ಅವನು ಕೂರುವ ಕೋಣೆ ಅಲ್ಲಿಂದ ಹದಿನೆಂಟು ಹೆಜ್ಜೆ ದೂರ. ಹೋಗಿ ಒಂದು ಮಾತು ಕೇಳಬಹುದಿತ್ತು.

ಅವಳು ಕೇಳಲಿಲ್ಲ. ಕೇಳಿದರೆ 'ಇಲ್ಲ, ನಾನು ಹಾಗಂದಿಲ್ಲ' ಎಂದುಬಿಟ್ಟರೆ? ಒಳಗೊಳಗೇ ಆ ಭಯ. ಅದಕ್ಕಿಂತ ಒಳಗೆ ಒಂದು ಆಸೆ... ಒಂದೇ ಒಂದು ಸಲ, ಪೂರ್ತಿ ನನ್ನದು ಎನ್ನಿಸಿಕೊಳ್ಳುವ ಆಸೆ.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅವಳ ಅಮ್ಮ. ಶಾಲೆಯ ಮುಖ್ಯೋಪಾಧ್ಯಾಯಿನಿ. ಬೆನ್ನು ನೆಟ್ಟಗೆ ಮಾಡಿಕೊಂಡು, ಇಡೀ ಸಭೆಯ ಹಾಜರಿ ತೆಗೆದುಕೊಳ್ಳುವವರಂತೆ ಕುಳಿತಿದ್ದರು. ಸಭಾಂಗಣದ ಕೊನೆಯಲ್ಲಿ, ಧ್ವನಿವರ್ಧಕದ ಮೇಜಿನ ಬಳಿ ಮೌನಿ ನಿಂತಿದ್ದ.

ಒಬ್ಬ ಪತ್ರಕರ್ತೆ ಎದ್ದಳು. "ಏಳನೇ ಹಾಡು ಕೇಳಿ ಅತ್ತುಬಿಟ್ಟೆ. ನೀವೇ ಬರೆದದ್ದಾ?"

"ಹೌದು... ನಾನೇ."

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಚಪ್ಪಾಳೆ ಬಿತ್ತು ನೋಡಿ, ನಾಲಿಗೆ ಹಿಡಿತ ತಪ್ಪಿತು.

"ನನ್ನ ಅಮ್ಮ ಹೊಲಿಗೆ ಯಂತ್ರದ ಮುಂದೆ ಗುನುಗ್ತಾ ಇದ್ದ ರಾಗ ಅದು. ನಾನು ಯಂತ್ರದ ಕಾಲಬುಡದಲ್ಲಿ ಬಟ್ಟೆಚೂರಿನ ಮೇಲೆ ಮಲಗ್ತಿದ್ದೆ. ದಾರ ತುಂಡಾದ್ರೆ ರಾಗ ನಿಲ್ತಿತ್ತು... ನಂಗೆ ಎಚ್ಚರ ಆಗ್ತಿತ್ತು."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ತಲೆಗಳ ನಡುವಿನ ಸಂದಿಯಲ್ಲಿ ಮೌನಿಯ ಮುಖ ಒಂದು ಕ್ಷಣ ಕಂಡಿತು. ಸಿಟ್ಟಿರಲಿಲ್ಲ ಅಲ್ಲಿ. ಕಪಾಳಕ್ಕೆ ಹೊಡೆಸಿಕೊಂಡ ಮಗುವಿನ ಬೆರಗಿತ್ತು. ಮರುಕ್ಷಣ ಅವನು ಅಲ್ಲಿರಲಿಲ್ಲ.

ಮನೆಗೆ ಹೋಗುವ ಕಾರಿನಲ್ಲಿ ಅಮ್ಮ ಕಿಟಕಿಯ ಆಚೆ ನೋಡುತ್ತಲೇ ಕೇಳಿದರು.

"ಆ ಹೊಲಿಗೆ ಯಂತ್ರ ಯಾರದ್ದೇ?"

"ಅಮ್ಮಾ..."

"ನನಗೆ ಬಿಚ್ಚಿಹೋದ ಗುಂಡಿ ಹಾಕೋಕೂ ಬರಲ್ಲ. ನಾನು ನಿನಗೆ ಹಾಡು ಹೇಳಿ ಮಲಗಿಸಿದ್ದೂ ಇಲ್ಲ, ಮಗ್ಗಿ ಹೇಳ್ಸಿ ಮಲಗಿಸ್ದೋಳು. ಅಷ್ಟು ಜನರ ಮುಂದೆ ಇನ್ಯಾರೋ ತಾಯಿನ ತಂದು ನನ್ನ ಜಾಗದಲ್ಲಿ ಕೂರಿಸ್ದೆಯಲ್ಲೇ... ನಾನು ಅಷ್ಟು ಸಾಲದವಳಾದ್ನಾ?"

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಗುಬ್ಬಿಗೆ. ಒಂದೇ ಸುಳ್ಳಿನಲ್ಲಿ ಇಬ್ಬರು ತಾಯಂದಿರಿಗೆ ಅನ್ಯಾಯ ಮಾಡಿದ್ದಳು!

ಮೌನಿಯ ಫೋನ್ ಬಂದ್ ಆಗಿತ್ತು. ಸ್ಟುಡಿಯೋದ ಕೆಲಸ ಬಿಟ್ಟನೆಂದು ತಿಳಿಯಿತು. ಇತ್ತ ಏಳನೇ ಹಾಡು ಬೆಂಕಿಯಂತೆ ಹಬ್ಬಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅದೇ. ಪ್ರತಿ ಸಲ ಕೇಳಿದಾಗಲೂ ಅವಳ ಕಿವಿ ಬಿಸಿಯಾಗುತ್ತಿತ್ತು.

ಹತ್ತನೇ ದಿನ, ಔಷಧಿ ಅಂಗಡಿಯ ಮುಂದೆ ವಯಸ್ಸಾದ ಹೆಂಗಸೊಬ್ಬರು ಅವಳ ಎರಡೂ ಕೈ ಹಿಡಿದುಕೊಂಡರು. ಬೆರಳ ತುದಿಯ ತುಂಬ ಸೂಜಿಯ ಗುರುತು.

"ನಾನೂ ಟೈಲರ್ ಕಣಮ್ಮ. ನಮ್ಮಂಥೋರ ಮಕ್ಕಳು ನಮ್ಮ ಕೆಲಸ ಹೇಳ್ಕೊಳ್ಳೋಕೆ ನಾಚ್ಕೋತಾರೆ. ನೀನು ನಾಚ್ಕೊಳ್ಳಲಿಲ್ಲ ನೋಡು... ನೂರು ವರ್ಷ ಬಾಳು."

ಆ ಹಾರೈಕೆ ಶಾಪಕ್ಕಿಂತ ಜೋರಾಗಿ ಬಡಿಯಿತು. ಔಷಧಿಯನ್ನೂ ಕೊಳ್ಳದೆ ಅವಳು ನೇರ ಸ್ಟುಡಿಯೋಗೆ ಹೋಗಿ, ಅಂಗಲಾಚಿ, ಮೌನಿಯ ಮನೆ ವಿಳಾಸ ಪಡೆದಳು.

ಬಾಗಿಲು ತೆರೆದವರ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಕನ್ನಡಕ ಮೇಲಕ್ಕೆ ಸರಿಸಿ ನೋಡಿದರು.

"ಓಹೋ, ಬಾಮ್ಮ ಬಾ! ನನಗೆ ಇನ್ನೊಬ್ಬಳು ಮಗಳಿದ್ದಾಳೆ ಅಂತ ಟಿವಿ ನೋಡಿದ್ಮೇಲೇ ಗೊತ್ತಾಗಿದ್ದು."

ಮಾತಿನಲ್ಲಿ ವಿಷವಿರಲಿಲ್ಲ. ಅದಕ್ಕೇ ಅದು ನೇರ ಎದೆಗೆ ನಾಟಿತು. ಗುಬ್ಬಿ ಹೊಸ್ತಿಲಲ್ಲೇ ಕುಸಿದು ಕುಳಿತಳು.

"ತಪ್ಪಾಯ್ತಮ್ಮ... ತಪ್ಪಾಯ್ತು. ಅವರೇ ಹೆಸರು ಬೇಡ ಅಂದ್ರು ಅಂತ ಮ್ಯಾನೇಜರ್ ಹೇಳಿದ್ರು..."

"ಅಂದಿದ್ದು ನಿಜ," ಎಂದಿತು ಹಿಂದಿನಿಂದ ಒಂದು ದನಿ.

ಕೈಯಲ್ಲಿ ದಾರದ ಉಂಡೆಗಳ ಪೊಟ್ಟಣ ಹಿಡಿದು ಮೌನಿ ಮೆಟ್ಟಿಲ ಮೇಲೆ ನಿಂತಿದ್ದ. ಗಡ್ಡ ಬೆಳೆದಿತ್ತು.

"ನಿಮಗೆ ನನ್ನ ಹೆಸರು ಅಲ್ಲಿರೋದು ಇಷ್ಟ ಇಲ್ಲ, ಹೇಳೋಕೆ ಸಂಕೋಚ ಪಡ್ತಿದ್ದೀರಾ ಅಂತ ಮ್ಯಾನೇಜರ್ ಬಂದು ಅಂದ್ರು. ಹಾಗಾದ್ರೆ ಬೇಡ ಬಿಡಿ ಅಂದೆ."

"ನಾನು ಹಾಗೆ ಹೇಳೇ ಇಲ್ಲ!"

"ನನ್ನನ್ನ ಬಂದು ಕೇಳಲೂ ಇಲ್ಲ."

ಅವನು ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟ.

"ಹಾಡು ನಿಮಗೇ ಬೇಕು ಅಂದಿದ್ರೆ ಸುಮ್ನೆ ಕೊಡ್ತಿದ್ದೆ," ಎಂದ. "ಹೆಸರೂ ಕೊಟ್ಟೆ. ಆದ್ರೆ ಅಮ್ಮನ್ನ... ಕೇಳ್ದೇ ತಗೊಂಡ್ರಿ. ಆ ಮಾತುಗಳನ್ನ ನಾನು ಜನ್ಮದಲ್ಲಿ ಒಬ್ಬರಿಗೇ ಹೇಳಿದ್ದು. ನಿಮಗೆ."

ಗುಬ್ಬಿ ಎದ್ದು, ಆ ತಾಯಿಯ ಕಾಲು ಮುಟ್ಟಲು ಬಗ್ಗಿ, ಮುಟ್ಟುವ ಯೋಗ್ಯತೆಯೂ ಇಲ್ಲವೆನ್ನಿಸಿ ಕೈ ಹಿಂದೆಳೆದುಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೋದಲ್ಲಿ ಅವಳ ನೇರ ಸಂದರ್ಶನವಿತ್ತು. ನಿರೂಪಕ ಉತ್ಸಾಹದಿಂದ ಕುಣಿಯುತ್ತಿದ್ದ.

"ಎಲ್ಲರೂ ಕೇಳ್ತಿರೋ ಏಳನೇ ಹಾಡಿನ ಎರಡು ಸಾಲು, ನಿಮ್ಮ ಗುಬ್ಬಿಯ ದನಿಯಲ್ಲಿ!"

"ಹಾಡೋ ಮೊದಲು ಒಂದು ಮಾತು ಹೇಳ್ಬೇಕು." ಅವಳು ಮೈಕಿನ ಹತ್ತಿರ ಬಾಗಿದಳು. "ಆ ಹಾಡು ನಾನು ಬರ್ದಿದ್ದಲ್ಲ. ಬರ್ದಿದ್ದು, ರಾಗ ಹಾಕಿದ್ದು ಈ ಆಲ್ಬಮ್ಮಿನ ಧ್ವನಿಮುದ್ರಣ ಮಾಡಿದವರು. ರಾಗ ಹುಟ್ಟಿದ್ದು ಅವರ ಅಮ್ಮನ ಬಾಯಲ್ಲಿ. ಅವರು ನಂಬಿ ಹೇಳಿದ ಮಾತನ್ನ ನಂದು ಅಂತ ಹೇಳ್ಕೊಂಡು ನಾನು ಚಪ್ಪಾಳೆ ತಗೊಂಡೆ. ಯಾರೂ ಬಲವಂತ ಮಾಡಿರಲಿಲ್ಲ. ಚಪ್ಪಾಳೆ ಇಷ್ಟವಾಯ್ತು, ಅಷ್ಟೇ."

ನಿರೂಪಕನ ಬಾಯಿ ತೆರೆದೇ ಇತ್ತು.

"ನನ್ನ ಅಮ್ಮ ಟೀಚರ್. ಅವರಿಗೆ ಹೊಲಿಯೋಕೆ ಬರಲ್ಲ. ಸುಳ್ಳು ಹೇಳಬಾರದು ಅಂತ ಕಲಿಸಿದ್ರು. ನಾನು ಕಲೀಲಿಲ್ಲ. ಇವತ್ತು ಆ ಹಾಡು ಹಾಡಲ್ಲ... ಕ್ಷಮಿಸಿ."

ಮಧ್ಯಾಹ್ನದೊಳಗೆ ಊರೆಲ್ಲ ಗುಲ್ಲಾಯಿತು. 'ಕಳ್ಳ ಗುಬ್ಬಿ' ಎಂದು ಹೆಸರು ಬಿತ್ತು. ಮ್ಯಾನೇಜರ್ ಫೋನಿನಲ್ಲಿ ಕೂಗಾಡಿದ. ಮುಂದಿನ ತಿಂಗಳ ಎರಡು ಕಾರ್ಯಕ್ರಮ ರದ್ದಾದವು. ಕಂಪನಿಗೆ ಬೇರೆ ದಾರಿ ಉಳಿಯಲಿಲ್ಲ, ಹಾಡಿನ ಕೆಳಗಿನ ಹೆಸರು ಬದಲಾಯಿಸಿತು. ಮೌನಿಯ ಹೆಸರಿನ ಪಕ್ಕದಲ್ಲಿ ಅವನ ಅಮ್ಮನ ಹೆಸರನ್ನೂ ಹಾಕುವ ತನಕ ಗುಬ್ಬಿ ಕಂಪನಿಯ ಬಾಗಿಲು ಬಿಟ್ಟು ಕದಲಲಿಲ್ಲ.

ಹೊರಗೆ ಕಾಲಿಡಲು ಮುಖವಿಲ್ಲದೆ ವಾರವಿಡೀ ಮನೆಯಲ್ಲೇ ಉಳಿದಳು. ಅಮ್ಮ ಏನೂ ಕೇಳಲಿಲ್ಲ. ಒಂದು ಸಂಜೆ ಮಾತ್ರ, ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ಕಣ್ಣು ತೆಗೆಯದೆ, "ರೇಡಿಯೋ ಕೇಳ್ದೆ ಕಣೇ. ಆವತ್ತು ನೀನು ನನ್ನ ಮಗಳೇ ಅನ್ನಿಸ್ತು," ಎಂದರು.

ಭಾನುವಾರ ಬಾಗಿಲು ಬಡಿದ ಸದ್ದಾಯಿತು.

"ಯಾರು ಬೇಕಿತ್ತು?" ಅಮ್ಮನ ಮುಖ್ಯೋಪಾಧ್ಯಾಯಿನಿಯ ದನಿ.

"ನಮಸ್ಕಾರ ಮೇಡಂ... ನಾನು... ಏಳನೇ ಹಾಡಿನವನು."

"ಓ. ಆ ಹೊಲಿಗೆ ಯಂತ್ರ ನಿಮ್ಮ ಮನೇದಾ?"

"ಹೌದು ಮೇಡಂ."

"ತಾಯಿಗೆ ನನ್ನ ನಮಸ್ಕಾರ ತಿಳಿಸಪ್ಪ. ನಾನೇ ಬಂದು ಕ್ಷಮೆ ಕೇಳ್ಬೇಕು ಅಂದ್ಕೊಂಡಿದ್ದೆ. ಒಳಗೆ ಬಾ. ಅವಳು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಾಳೆ. ಮೂರು ದಿನದಿಂದ ಅದೇ ಜಾಗ, ಕೂತು ಕೂತು ಮೆಟ್ಟಿಲು ಸವೀತಿದೆ."

ಅವನ ಹೆಜ್ಜೆ ಸದ್ದು ಕೇಳಿದರೂ ಗುಬ್ಬಿ ತಿರುಗಲಿಲ್ಲ. ಮೊಣಕಾಲಿಗೆ ಹಣೆ ಒತ್ತಿಕೊಂಡಳು.

"ಯಾಕೆ ಬಂದ್ರಿ?" ಎಂದಳು, ಹಾಗೆಯೇ.

"ಅಮ್ಮ ಕಳ್ಸಿದ್ರು. ಮಗಳನ್ನ ಕರ್ಕೊಂಡು ಬಾ, ಕಾಲು ಮುಟ್ಟೋಕೆ ಬಂದೋಳು ಹಾಗೇ ಹೋದ್ಳು ಅಂದ್ರು."

ಅವಳ ಅಳು ಒಡೆಯಿತು.

"ಅವರು ಕಳ್ಸಿದ್ದಕ್ಕೆ ಮಾತ್ರ ಬಂದ್ರಾ?"

ಸ್ವಲ್ಪ ಹೊತ್ತು ಸದ್ದಿಲ್ಲ. ಮೌನಿ ಅಲ್ಲವೇ! ಆ ದಿನದ ಹತ್ತು ಮಾತು ಎಲ್ಲಿ ಮುಗಿದುಹೋಯಿತೋ ಎಂದು ಅವಳ ಜೀವ ಬಾಯಿಗೆ ಬಂತು.

"ಅಲ್ಲ," ಎಂದ ಕೊನೆಗೆ. "ರೇಡಿಯೋ ಕೇಳಿದ ದಿನವೇ ಬರೋಣ ಅಂದ್ಕೊಂಡೆ. ನಿಮಗೆ ಅಷ್ಟು ಅವಮಾನ ಆಗ್ತಿರೋವಾಗ ಬಂದ್ರೆ, ಗೆದ್ದು ಬಂದ ಹಾಗೆ ಕಾಣ್ಸುತ್ತೆ ಅಂತ ಹೆದರಿದೆ. ನಂದೂ ತಪ್ಪಿದೆ. ನಿಮ್ಮನ್ನ ಒಂದು ಮಾತು ಕೇಳ್ದೇ, ಮ್ಯಾನೇಜರ್ ಹೇಳಿದ್ದನ್ನ ನಂಬಿಬಿಟ್ಟೆ. ಪ್ರೀತಿಸ್ತಿದ್ದವನು ಕೇಳ್ಬೇಕಿತ್ತು."

"ಪ್ರೀತಿಸ್ತಿ...ದ್ದವನಾ?"

"ಪ್ರೀತಿಸ್ತಿರೋನು."

"ಇಷ್ಟೆಲ್ಲ ಆದ್ಮೇಲೂ?"

"ಸಿಟ್ಟು ಇನ್ನೂ ಸ್ವಲ್ಪ ಇದೆ," ಎಂದ ಪ್ರಾಮಾಣಿಕವಾಗಿ. "ಅದೂ ಇದೆ, ಇದೂ ಇದೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ನಾನೂ ನಿಮ್ಮನ್ನ ತುಂಬಾ... ಆದ್ರೆ ನಿಮ್ಮ ಮುಖ ನೋಡೋಕೆ ನಾಚಿಕೆ ಆಗುತ್ತೆ. ನಿಜವಾಗ್ಲೂ. ತಲೆ ಎತ್ತೋಕೇ ಆಗ್ತಿಲ್ಲ."

ಮೌನಿ ಅವಳ ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕುಳಿತ.

"ಹಾಗಾದ್ರೆ ಸ್ವಲ್ಪ ದಿನ ನೋಡ್ಬೇಡ," ಎಂದ. "ಹೀಗೇ ಪಕ್ಕದಲ್ಲಿರು... ಸಾಕು."