ಕೆಂಪು ದೀಪ ಉರಿದ ನಲವತ್ತು ನಿಮಿಷ

"ಆ ಸ್ಕ್ರೂಡ್ರೈವರ್ ಕೆಳಗಿಡು! ನನ್ನ ಜೀಪಿನೊಳಗೆ ಕೈ ಹಾಕೋ ಮುಂಚೆ ನನ್ನನ್ನ ಕೇಳ್ಬೇಕು!"

ಐದು ತಿಂಗಳ ನಂತರ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

ಅವನು ಕೈ ಹಿಂದೆಗೆದುಕೊಂಡ. ಏನೂ ಹೇಳಲಿಲ್ಲ.

ಅವನು ಯಾವತ್ತೂ ಹಾಗೇ. ವಾಕಿಟಾಕಿ ರಿಪೇರಿ ಮಾಡುತ್ತಾನೆಂದು ಜೀಪು ಕ್ಲಬ್ಬಿನವರೆಲ್ಲ ಅವನನ್ನು 'ರೇಡಿಯೋ' ಎಂದು ಕರೆಯುತ್ತಿದ್ದರು. ಹೆಸರು ರೇಡಿಯೋ, ಬಾಯಿ ಮಾತ್ರ ಸದಾ ಬಂದ್!

ಅವಳಿಗೆ 'ಗುಂಡುಸೂಜಿ' ಎಂದು ಹೆಸರು. ಗಾಡಿಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಅವಳದು. ಆಳು ಚಿಕ್ಕದು, ಮೊನೆ ಚೂಪು. ಒಂದು ಕಾಲದಲ್ಲಿ ಅವನು ಒಂದೇ ಸೀಟಿಗೆ ಮೂರು ಸಲ ಕವರ್ ಹೊಲಿಸಿದ್ದ. ಏಕೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಆದರೆ ಬಾಯಿ ಬಿಡಬೇಕಲ್ಲ...

ಆಮೇಲೆ ಆ ದಿನ ಬಂತು. ಕ್ಲಬ್ಬಿನ ಓಟದ ನಡುವೆ ಹಳ್ಳದ ಮರಳಿನಲ್ಲಿ ಅವಳ ಜೀಪು ಹೂತು, ಒಂದು ಕಡೆಗೆ ವಾಲಿ ನಿಂತಿತು. ಉಳಿದವರೆಲ್ಲ ಗುರಿ ಮುಟ್ಟಿ ವಾಕಿಟಾಕಿ ಸೆಟ್ ಆಫ್ ಮಾಡಿದ್ದರು. ಕೇಂದ್ರದಲ್ಲಿ ಸೆಟ್ಟಿನ ಮುಂದೆ ಕೂತಿದ್ದವನು ಅವನೊಬ್ಬನೇ. ಅವಳು ನಲವತ್ತು ನಿಮಿಷ ಕೂಗಿದಳು. ಒಂದೇ ಒಂದು ಉತ್ತರ ಬರಲಿಲ್ಲ! ಕೊನೆಗೆ ಕ್ಲಬ್ಬಿನ ಗಾಡಿಯೊಂದು ಹುಡುಕಿಕೊಂಡು ಬಂತು.

"ನನ್ನ ಸೆಟ್ ಕೆಟ್ಟಿತ್ತು," ಎಂದಿದ್ದ ಆಮೇಲೆ, ನೆಲ ನೋಡುತ್ತ.

ಅಂದಿನಿಂದ ಮಾತಿಲ್ಲ. ಕ್ಷಮಿಸಬಹುದಿತ್ತೇನೋ... ಆದರೆ ಆ ಮೌನ ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ನಿಂತಿತ್ತು.

ಇವತ್ತು ಅವನ ರಿಪೇರಿ ಅಂಗಳಕ್ಕೆ ಬಂದದ್ದೂ ಮನಸ್ಸಿದ್ದು ಅಲ್ಲ. ಭಾನುವಾರ ಕ್ಲಬ್ಬಿನ ಓಟ. ವಾಕಿಟಾಕಿ ಭದ್ರವಾಗಿ ಕೂರಿಸಿ, ರೇಡಿಯೋ ಸಹಿ ಹಾಕದ ಗಾಡಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಸಾಲದ್ದಕ್ಕೆ ಕಾರ್ಯದರ್ಶಿ ಹಲ್ಲು ಕಿರಿದು ಹೇಳಿದ್ದ: "ಹೋದ ಸಲ ಸಿಕ್ಕಿಹಾಕ್ಕೊಂಡೆಯಲ್ಲಮ್ಮ, ಈ ಸಲ ಸ್ಟಿಯರಿಂಗ್ ಯಾರಾದ್ರೂ ಗಂಡಸರ ಕೈಗೆ ಕೊಡು."

ಕೊಡುವುದಿಲ್ಲ! ಸತ್ತರೂ ಕೊಡುವುದಿಲ್ಲ!

"ಈ ಚೀಲ ತೆಗೀಬೇಕು," ಎಂದ ಅವನು ಮೆಲ್ಲಗೆ. ಡ್ಯಾಶ್‌ಬೋರ್ಡಿಗೆ ಅವಳು ಬಿಗಿದಿದ್ದ ಕ್ಯಾನ್ವಾಸ್ ಚೀಲದಲ್ಲಿ ವಾಕಿಟಾಕಿ ಕೂರುತ್ತಿತ್ತು. "ಕಬ್ಬಿಣದ ಹಿಡಿ ಹಾಕ್ತೀನಿ. ಆಂಟೆನಾ ಮೇಲ್ಛಾವಣಿಗೆ ಹೋಗ್ಲಿ. ಒಳಗಿದ್ರೆ ತಗಡು ಸಿಗ್ನಲ್ ನುಂಗುತ್ತೆ."

"ಆಂಟೆನಾ ಎಲ್ಲಿ ಬೇಕಾದ್ರೂ ಹಾಕು. ಚೀಲ ಮುಟ್ಬೇಡ. ಅದು ನನ್ನ ಕೈ ಹೊಲಿಗೆ. ಜೀಪು ಮಗುಚಿದ್ರೂ ಸೆಟ್ ಅಲುಗಾಡಲ್ಲ."

"ಅದೇ ತೊಂದರೆ..."

"ಏನು ತೊಂದರೆ? ಹೇಳು!"

ಅವನು ತುಟಿ ಕಚ್ಚಿಕೊಂಡ.

"ಹೇಳಲ್ಲ ಅಲ್ವಾ? ಸರಿ, ಇದರಲ್ಲೇ ಇಟ್ಟು ಪರೀಕ್ಷೆ ಮಾಡು. ಸೋತರೆ ನಾನೇ ಕತ್ತರಿಸ್ತೀನಿ."

ಅವನು ನಿಟ್ಟುಸಿರು ಬಿಟ್ಟು, ಇನ್ನೊಂದು ಸೆಟ್ ಹಿಡಿದು ಅಂಗಳದ ಆ ತುದಿಗೆ ನಡೆದ. ಅವಳು ವಾಕಿಟಾಕಿಯನ್ನು ಚೀಲದೊಳಗೆ ತುರುಕಿದಳು. ಸೆಟ್ಟಿನ ತಲೆಯ ಮೇಲಿನ ಕೆಂಪು ದೀಪ ಹತ್ತಿಕೊಂಡಿತು. ಅವತ್ತೂ ಹೀಗೇ ಉರಿದಿತ್ತು. ದೀಪವಿದ್ದರೆ ಸೆಟ್ಟಿಗೆ ಜೀವವಿದೆ ಎಂದುಕೊಂಡು ಅವಳು ಧೈರ್ಯ ತಂದುಕೊಂಡಿದ್ದಳು.

"ಮೌನಗೌರಿ ವ್ರತ ಹಿಡಿದವನ ಹಾಗೆ ನಿಂತಿದ್ದಾನೆ, ಕತ್ತೆ," ಎಂದು ಗೊಣಗಿದಳು.

"...ಕತ್ತೆ," ಎಂದಿತು ಅಂಗಳದ ಆ ತುದಿಯಲ್ಲಿ ಅವನ ಕೈಲಿದ್ದ ಸೆಟ್.

ಅವಳು ಬೆಚ್ಚಿದಳು. ತಾನು ಮಾತಿನ ಗುಂಡಿ ಒತ್ತಿಯೇ ಇಲ್ಲವಲ್ಲ!

ಚೀಲದ ಮೇಲೆ ಬೆರಳಾಡಿಸಿದಳು. ಹೊಲಿಯುವ ಬೆರಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಸೆಟ್ ಅಲುಗದಿರಲಿ ಎಂದು ಎಡಗಡೆ ಅರ್ಧ ಬೆರಳು ಹೆಚ್ಚಿಗೆ ಒಳಕ್ಕೆ ಹಿಡಿದು ಹೊಲಿದಿದ್ದಳು. ಆ ಹೊಲಿಗೆ ನೇರವಾಗಿ ಮಾತಿನ ಗುಂಡಿಯ ಮೇಲೇ ಕೂತಿತ್ತು. ಗುಂಡಿ ಒತ್ತಿದ್ದಷ್ಟು ಹೊತ್ತು ಕೆಂಪು ದೀಪ ಉರಿಯುತ್ತದೆ; ಸೆಟ್ ಆಡುತ್ತದೆ, ಆಲಿಸುವುದಿಲ್ಲ.

ಅಂದರೆ... ಆ ನಲವತ್ತು ನಿಮಿಷ...

ಅವನು ಹತ್ತಿರ ಬಂದು ನಿಂತಿದ್ದ.

"ನೀನು ಉತ್ತರ ಕೊಡ್ತಾನೇ ಇದ್ದೆ?"

"ಗಂಟಲು ಒಣಗೋವರೆಗೆ. ನಿಂಗೆ ಕೇಳಿಸ್ತಿರ್ಲಿಲ್ಲ."

"ನಾನು ಹೇಳಿದ್ದು?"

ಅವನ ಕಿವಿ ಕೆಂಪಾಯಿತು. "ಎಲ್ಲಾ. ಎದುರಿಗೆ ಬೋಳು ಮರ, ಎರಡು ತಲೆ ಬಂಡೆ ಅಂತ ನೀನು ಬೈದುಕೊಳ್ತಿದ್ದೆ. ಅದರಿಂದ್ಲೇ ಜಾಗ ಹಿಡಿದು, ಬರೀ ಅಂದಾಜು ಅಂತ ಹೇಳಿ ಗಾಡಿ ಕಳಿಸಿದ್ದು. ಉಳಿದದ್ದು ಯಾರಿಗೂ ಕೇಳಿಸಬಾರದು ಅಂತ ಇಯರ್‌ಫೋನ್ ಹಾಕ್ಕೊಂಡೆ."

ಉಳಿದದ್ದು! ಅವಳ ಮುಖಕ್ಕೆ ರಕ್ತ ನುಗ್ಗಿತು. ವಾಲಿದ ಜೀಪಿನಲ್ಲಿ ಒಬ್ಬಳೇ ಅಳುತ್ತ ಹೇಳಿದ್ದಳು: "ಆ ಕತ್ತೆ ಒಂದೇ ಒಂದು ಮಾತಾಡಿದ್ರೆ, ಮದುವೆ ಆಗ್ತೀಯೇನೋ ಅಂತ ನಾನೇ ಕೇಳಿಬಿಡ್ತಿದ್ದೆ..."

"ಮತ್ತೆ ಸೆಟ್ ಕೆಟ್ಟಿತ್ತು ಅಂತ ಯಾಕೆ ಸುಳ್ಳು ಹೇಳಿದೆ?"

"ನಿನ್ನ ತಪ್ಪು ಅಂದ್ರೆ ಅವರು ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕ್ತಿದ್ರು."

ಅವಳ ಕಣ್ಣು ತುಂಬಿತು. ಮರುಕ್ಷಣವೇ ಕಿಡಿಯಾಯಿತು.

"ನನ್ನ ತಪ್ಪನ್ನ ನನ್ನಿಂದಲೇ ಬಚ್ಚಿಡೋಕೆ ನೀನ್ಯಾರು? ನೀನು ಹೊತ್ತ ಅಪವಾದದ ಮೇಲೆ ಕೂತು ನಾನು ಜೀಪು ಓಡಿಸ್ಬೇಕಾ?"

ಅಲ್ಲಿಯೇ ಕಾರ್ಯದರ್ಶಿಗೆ ಫೋನ್ ಹಚ್ಚಿದಳು.

"ಸರ್, ಹೋದ ಸಲ ತಪ್ಪು ನನ್ನದು. ನನ್ನ ಚೀಲ ಗುಂಡಿ ಒತ್ತಿ ಹಿಡಿದಿತ್ತು. ರೇಡಿಯೋನ ಸೆಟ್ ಸರಿಯಾಗೇ ಇತ್ತು. ಭಾನುವಾರ ನಾನೇ ಓಡಿಸ್ತೀನಿ, ಒಬ್ಬಳೇ."

"ನೋಡಮ್ಮ, ಹಾಗಾದ್ರೆ ನಿನ್ನ ಹೆಸರು..."

"ತೆಗೀರಿ. ತಪ್ಪು ಮಾಡಿದವರ ಹೆಸರೆಲ್ಲ ತೆಗೀರಿ. ಎರಡು ವರ್ಷದ ಹಿಂದೆ ಡೀಸೆಲ್ ಹಾಕ್ಸದೇ ಹೊರಟು ಗುಡ್ಡದ ಮೇಲೆ ನಿಂತವರು ಯಾರು ಸರ್?"

ಆ ಕಡೆ ಕೆಮ್ಮು. "...ಬೆಳಗ್ಗೆ ಆರಕ್ಕೆ ಬಂದ್ಬಿಡು. ಸಹಿ ಮಾತ್ರ ಇರ್ಲಿ."

ಅವಳು ಕತ್ತರಿ ತೆಗೆದು ಹೊಲಿಗೆ ಬಿಚ್ಚಿದಳು. ಅವನು ಗೇರಿನ ಪಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ ಅವಳ ಎಡಗೈಗೆ ಸಿಗುವ ಕಡೆ, ಹಿಡಿ ಬಿಗಿದ. ಹಿಡಿ ಅವನದು, ಅದರ ಮೇಲಿನ ಕ್ಯಾನ್ವಾಸ್ ಪಟ್ಟಿ ಅವಳದು. ಗುಂಡಿಯ ಸುತ್ತ ಎರಡು ಬೆರಳು ಜಾಗ ಖಾಲಿ ಬಿಟ್ಟಳು. ಮೇಲ್ಛಾವಣಿಯ ಮೇಲೆ ಆಂಟೆನಾ ನೆಟ್ಟಗೆ ನಿಂತಿತು. ಅವನು ಚೀಟಿಗೆ ಸಹಿ ಹಾಕಿಕೊಟ್ಟ.

"ಕೊನೇ ಪರೀಕ್ಷೆ," ಎಂದು ಮತ್ತೆ ಅಂಗಳದ ತುದಿಗೆ ಹೋದ.

ಅವಳು ಗುಂಡಿ ಒತ್ತಿದಳು. "ಅವತ್ತು ಮರಳಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಈಗ ಸರದಿ ನಿನ್ನದು. ಮಾತಾಡು!"

ಗುಂಡಿ ಬಿಟ್ಟಳು. ಅವನ ಸೆಟ್ಟಿನ ಕೆಂಪು ದೀಪ ಹತ್ತಿತು. ಬರೀ ಉಸಿರಾಟ... ಇನ್ನೂ ಉಸಿರಾಟ...

"ನಲವತ್ತು ನಿಮಿಷ ನೀನು ಮಾತಾಡಿದ್ದೀಯ. ನಂಗೆ ಒಂದು ನಿಮಿಷ ಕೊಡು ಮಾರಾಯ್ತಿ..." ಎಂದಿತು ನಡುಗುವ ದನಿ. "ನನ್ನನ್ನ ಮದುವೆ ಆಗ್ತೀಯಾ?"

ಅವಳು ಉತ್ತರ ಹೇಳಿದಳು. ಅವನಿಗೆ ಕೇಳಿಸಲೇ ಇಲ್ಲ. ಗಾಬರಿಗೆ ಗುಂಡಿ ಒತ್ತಿ ಹಿಡಿದೇ ನಿಂತಿದ್ದ!

ಅವಳು ಜೀಪಿನಿಂದ ಜಿಗಿದು ಅಂಗಳ ದಾಟಿ, ಅವನ ಹೆಬ್ಬೆರಳನ್ನು ಗುಂಡಿಯಿಂದ ಮೆಲ್ಲಗೆ ಬಿಡಿಸಿ ತನ್ನ ಮುಷ್ಟಿಯಲ್ಲಿಟ್ಟುಕೊಂಡಳು.

"ಆಗ್ತೀನಿ. ಆದ್ರೆ ಭಾನುವಾರ ಒಬ್ಬಳೇ ಹೋಗ್ತೀನಿ."

"ಹೋಗು," ಎಂದ ಅವನು. "ನಾನು ಕೇಳಿಸ್ಕೊಳ್ತಾ ಇರ್ತೀನಿ."

"ಮತ್ತೆ ಉತ್ತರ?"

"ಕೊಡ್ತೀನಿ ಕಣೇ... ನೀನು ಬಿಡುವು ಕೊಟ್ರೆ!"